ಮದ್ದು ಅರೆದವರು

ಮದ್ದು ಅಂದ್ರೆ ಔಷಧಿ. ಕೋವಿಗೆ ತುಂಬುವ ಕರಿ ಪುಡಿಯೂ ಮದ್ದೇ. 'ಅವನಿಗೆ ಯಾರೋ ಮದ್ದು ಹಾಕಿದ್ದಾರೆ' ಅಂತ ಹಳ್ಳಿ ಕಡೆ ಹೇಳಿದರೆ ಅದು ವಿಷ. ಮೂರಕ್ಕೂ ಒಂದೇ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಹೆಸರಿಡುವಾಗ ಅವರು ನೋಡಿದ್ದು ಅರೆಯುವ ಕೈಯನ್ನೇ ಇರಬೇಕು. ಅಳೆದು, ಅರೆದು, ಬೆರೆಸುವ ತನಕ ಮೂರೂ ಒಂದೇ ಕೆಲಸ. ಅದು ಯಾರೊಳಗೆ ಹೋಗುತ್ತೆ ಅನ್ನೋದು ಆಮೇಲಿನ ಮಾತು.

ಚಿತ್ರದುರ್ಗದ ಕೋಟೆ ಹತ್ತಿದವರು ಆ ಬೀಸುವ ಕಲ್ಲುಗಳನ್ನು ನೋಡಿರ್ತೀರಿ. ಒಂದು ಹೊಂಡದೊಳಗೆ ನಾಲ್ಕು ಭಾರಿ ಕಲ್ಲುಗಳು. ಆನೆ ಕಟ್ಟಿ ತಿರುಗಿಸ್ತಿದ್ರು ಅಂತ ಒಬ್ಬ ಗೈಡ್ ಹೇಳಿದರೆ ಕೋಣ ಅಂತ ಇನ್ನೊಬ್ಬ ಹೇಳ್ತಾನೆ. ಅರೆದದ್ದು ಪೆಟ್ಲುಪ್ಪು, ಇದ್ದಿಲು, ಗಂಧಕ. ಇವತ್ತಿನ ಲೆಕ್ಕದಲ್ಲಿ ಹೇಳೋದಾದರೆ ನೂರರಲ್ಲಿ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದನ್ನು ಒಣಗಿದ್ದಾಗ ಅರೆಯೋದು ಅಂದ್ರೆ ಸಾವಿನ ಜೊತೆ ಸರಸ. ಅದಕ್ಕೇ ನೀರು ಚಿಮುಕಿಸಿ ಅರೆಯುವ ರೂಢಿ ಹಲವು ಕಡೆ ಇತ್ತು. ಜನ ಅಲ್ಲಿ ಎರಡು ಸೆಲ್ಫಿ ತೆಗೆದುಕೊಂಡು ಓಬವ್ವನ ಕಿಂಡಿ ಕಡೆ ಹೊರಡುತ್ತಾರೆ. ತಪ್ಪೇನಿಲ್ಲ. ಓಬವ್ವನ ಕೈಯಲ್ಲಿ ಒನಕೆ ಇತ್ತು, ಎದುರಿಗೆ ಶತ್ರು ಇದ್ದ, ಒಂದೊಂದು ಪೆಟ್ಟಿಗೂ ಅವಳೇ ಹೊಣೆ. ಅಂಥ ಕಥೆ ನಮಗೆ ಸುಲಭವಾಗಿ ಅರ್ಥವಾಗುತ್ತೆ. ಹೊಂಡದೊಳಗೆ ಕೋಣದ ಹಿಂದೆ ಸುತ್ತುತ್ತಿದ್ದವನ ಹೆಸರು ಯಾವ ಸಿನಿಮಾದಲ್ಲೂ ಬರಲಿಲ್ಲ. ಅವನು ಯಾರನ್ನೂ ಕೊಂದವನಲ್ಲ. ಹಾಗಂತ ಕೊಲೆಗೂ ತನಗೂ ಸಂಬಂಧವೇ ಇಲ್ಲ ಅನ್ನೋ ಸ್ಥಿತಿಯಲ್ಲೂ ಅವನು ಇರಲಿಲ್ಲ.

ಈಗೀಗ ನಾನು ಇವನ ಬಗ್ಗೆ ಯೋಚನೆ ಮಾಡ್ತಿರೋದಕ್ಕೆ ಕಾರಣ ಇದೆ. ನಾನು ಬೆಂಗಳೂರಲ್ಲಿ ಎಂಬೆಡೆಡ್ ಕೋಡ್ ಬರೆಯುವವನು. ಸದ್ಯಕ್ಕೆ ವಾಷಿಂಗ್ ಮೆಷಿನ್ ಮೋಟರ್ ಎಷ್ಟು ಸುತ್ತಬೇಕು ಅಂತ ತೀರ್ಮಾನಿಸುವ ಕೋಡ್. ಹೋದ ತಿಂಗಳು ರಕ್ಷಣಾ ವಲಯದ ಒಂದು ಕಂಪನಿಯಿಂದ ಆಫರ್ ಬಂದಿದೆ. ಹೆಸರು ಬೇಡ. ಗುರಿ ಕಡೆ ತಾನೇ ದಾರಿ ಹುಡುಕಿಕೊಂಡು ಹೋಗುವ ಸಾಧನಕ್ಕೆ ಕಂಟ್ರೋಲ್ ಲೂಪ್ ಬರೆಯಬೇಕು. ಸಂಬಳ ಒಂದೂವರೆ ಪಟ್ಟು. ಹೊಸದುರ್ಗದಲ್ಲಿರುವ ಅಪ್ಪನಿಗೆ ಫೋನ್ ಮಾಡಿದರೆ, 'ದೇಶಕ್ಕೆ ಒಳ್ಳೇದಲ್ವೇನೋ, ಹೋಗು' ಅಂದರು. ಫ್ಲಾಟ್‌ಮೇಟ್ ಅಂದಿದ್ದು, 'ನೀನು ಬರೀದಿದ್ರೆ ಇನ್ನೊಬ್ಬ ಬರೀತಾನೆ ಗುರು.' ಇಬ್ಬರ ಮಾತೂ ಥಟ್ಟನೆ ಒಪ್ಪಿಬಿಡುವಂಥದ್ದೇ. ಅದಕ್ಕೇ ನನಗೆ ಅನುಮಾನ.

ಫ್ಲಾಟ್‌ಮೇಟ್ ಮಾತು ಮೊದಲು ತಗೊಳ್ಳೋಣ. 'ಇನ್ನೊಬ್ಬ ಮಾಡ್ತಾನೆ' ಅನ್ನೋದು ಕೆಲಸ ನಡೆಯುತ್ತೋ ಇಲ್ಲವೋ ಅನ್ನೋದಕ್ಕೆ ಉತ್ತರ. ನಾನು ಮಾಡಬಹುದೋ ಬಾರದೋ ಅನ್ನೋದಕ್ಕೆ ಅಲ್ಲ. ಲಂಚಕ್ಕೂ ಇದೇ ಮಾತು ಹೇಳಬಹುದು, ಹೇಳ್ತಾನೂ ಇರ್ತಾರೆ. ಇಷ್ಟು ಸಾಕು.

ಅಪ್ಪನ ಮಾತು ಅಷ್ಟು ಹಗುರವಾಗಿಲ್ಲ. ಮದ್ದಿನ ಬಗ್ಗೆ ಅಪ್ಪನಿಗೆ ಅನುಭವ ಇದೆ. ನಮ್ಮ ತೋಟದ ಬಾವಿ ತೋಡುವಾಗ ಬಂಡೆ ಸಿಕ್ಕಿ, ಮದ್ದು ಇಟ್ಟು ಸಿಡಿಸಿದ ಮೇಲೇ ನೀರು ಬಂದದ್ದು. ನಮ್ಮ ತೆಂಗು ಆ ಸ್ಫೋಟದಿಂದ ಬದುಕಿದೆ. ಅದೇ ಜಾತಿಯ ಸಿಡಿಮದ್ದನ್ನು ಹಂದಿಗೆ ಅಂತ ಹೊಲದಲ್ಲಿ ಇಡ್ತಾರೆ, ಮೇಯಲು ಹೋದ ಹಸು ಕಚ್ಚಿ ದವಡೆ ಕಳೆದುಕೊಳ್ಳುತ್ತೆ. ಇಲ್ಲಿ ಮಾಡಿದವನನ್ನು ಯಾರೂ ಬೈಯಲ್ಲ, ಇಟ್ಟವನನ್ನು ಬೈತಾರೆ. ಸರಿಯೇ. ಆದರೆ ಬಾವಿಯ ಮದ್ದಿಗೆ ಬಾವಿ ಅನ್ನೋ ಇನ್ನೊಂದು ಬಾಳು ಇದೆ. ಗುಂಡಿಗೆ ಆ ಥರದ ಇನ್ನೊಂದು ಉಪಯೋಗ ಎಲ್ಲಿದೆ?

ಮದ್ದುಗುಂಡಿನ ಕಾರ್ಖಾನೆಗಳ ಕಥೆ ನೋಡಿದರೆ 'ದೇಶಕ್ಕೆ' ಅನ್ನೋ ಪದ ಎಷ್ಟು ಜಾರುತ್ತೆ ಅಂತ ಗೊತ್ತಾಗುತ್ತೆ. ಪುಣೆ ಹತ್ತಿರದ ಖಡ್ಕಿಯಲ್ಲಿ ಬ್ರಿಟಿಷರು 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಶುರು ಮಾಡಿದರು. ಇವತ್ತಿಗೂ ನಡೀತಿದೆ. 1947ರ ಆಗಸ್ಟ್ 14ರವರೆಗೆ ಅದು ಸಾಮ್ರಾಜ್ಯದ ಕಾರ್ಖಾನೆ, ಮಾರನೇ ದಿನದಿಂದ ನಮ್ಮದು. ಲೇತ್ ಅವೇ, ಹಿತ್ತಾಳೆ ಅದೇ, 70 ಪಾಲು ತಾಮ್ರ, 30 ಪಾಲು ಸತು. ಶಿಫ್ಟಿಗೆ ಬಂದ ಕೆಲಸಗಾರನೂ ಹೆಚ್ಚುಕಡಿಮೆ ಅವನೇ. ಜಲಿಯನ್‌ವಾಲಾ ಬಾಗ್‌ನಲ್ಲಿ 1,650 ಸುತ್ತು ಗುಂಡು ಹಾರಿತು ಅಂತ ಡಯರ್ ಲೆಕ್ಕ ಕೊಟ್ಟಿದ್ದ. ಹಾರಿಸು ಅಂದವನು, ಹಾರಿಸಿದವರು ಚರಿತ್ರೆಯಲ್ಲಿದ್ದಾರೆ. ಆ 1,650ನ್ನು ಒಂದೊಂದಾಗಿ ಮಾಡಿದವರು ಇಲ್ಲ.

ನಮ್ಮ ದುರ್ಗದಲ್ಲೂ ಇದೇ ಆಯಿತು. 1779ರಲ್ಲಿ ಹೈದರಾಲಿ ಕೋಟೆ ಹಿಡಿದಾಗ ಸುಮಾರು 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಅವರ ಹುಡುಗರನ್ನು ಸೇರಿಸಿ 'ಚೇಲಾ' ಪಡೆ ಕಟ್ಟಿದ ಅಂತ ಗೆಜೆಟಿಯರ್‌ನಲ್ಲಿದೆ. ಮದಕರಿ ನಾಯಕನ ಕಡೆಯವರ ಮಕ್ಕಳು ಹೈದರನ ಕಡೆಯ ಸೈನಿಕರಾದರು. ಮದ್ದು ಅರೆಯುವವನಿಗೆ ಕಡೆ ಅನ್ನೋದು ಅವನು ಆರಿಸಿಕೊಳ್ಳುವ ವಸ್ತು ಅಲ್ಲ.

ಹೊಣೆ ಹುಡುಕುತ್ತಾ ಹಿಂದೆ ಹಿಂದೆ ಹೋದರೆ ಹುಲ್ಲಿನ ತನಕ ಹೋಗಬೇಕಾಗುತ್ತೆ, ಇದನ್ನು ನಾನು ತಮಾಷೆಗೆ ಹೇಳ್ತಿಲ್ಲ. ನಮ್ಮ ಸೀಮೆಯ ಅಮೃತಮಹಲ್ ಕಾವಲುಗಳು ಇದ್ದದ್ದೇ ಸೈನ್ಯದ ಎತ್ತುಗಳಿಗೆ. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಅಮೃತಮಹಲ್ ಅಂತ ಹೆಸರಿಟ್ಟವನು ಟಿಪ್ಪು. ಹಾಲಿನ ಹೆಸರು, ಎಳೆದದ್ದು ಫಿರಂಗಿ. 1799ರ ನಂತರ ಅದೇ ತಳಿ ಇಂಗ್ಲಿಷರ ಫಿರಂಗಿ ಎಳೆಯಿತು. ಈಗ ಚಳ್ಳಕೆರೆ ಕಡೆಯ ಕಾವಲಿನಲ್ಲಿ ಡಿಆರ್‌ಡಿಒಗೆ 4,000 ಎಕರೆಗೂ ಹೆಚ್ಚು ಜಾಗ ಕೊಟ್ಟಿದ್ದಾರೆ. 2017ರ ಮೇ ತಿಂಗಳಲ್ಲಿ ಅಲ್ಲಿ ವಿಮಾನ ಪರೀಕ್ಷಾ ವಲಯ ಉದ್ಘಾಟನೆ ಆಯಿತು. ಕುರಿ-ದನ ಮೇಯಿಸುವವರು ಬೇಲಿಯ ಹೊರಗೆ ನಿಂತರು, ವಿಷಯ ಹಸಿರು ನ್ಯಾಯಮಂಡಳಿ ತನಕ ಹೋಯಿತು. 2023ರ ಆಗಸ್ಟ್‌ನಲ್ಲಿ ಪರೀಕ್ಷೆಗೆ ಹಾರಿದ್ದ ತಪಸ್ ಡ್ರೋನ್ ಒಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ತಪಸ್ ಕಣ್ಗಾವಲಿಗೆ ಮಾಡಿದ್ದು, ನಿಜ. ಆದರೆ ಯುದ್ಧದಲ್ಲಿ ಕಣ್ಣಿಗೂ ಕೈಗೂ ನಡುವೆ ಅಂತರ ಎಷ್ಟಿರುತ್ತೆ ಹೇಳಿ?

ಹೀಗೆ ಎಳೆದರೆ ಎಲ್ಲರೂ ಹೊಣೆಗಾರರು. ಎಲ್ಲರೂ ಹೊಣೆ ಅಂದ ಕೂಡಲೇ ಯಾರೂ ಹೊಣೆಯಲ್ಲ ಅಂತಾಗಿಬಿಡುತ್ತೆ. ಎಲ್ಲೋ ಒಂದು ಕಡೆ ಗೆರೆ ಎಳೀಬೇಕು. ದೇಶಕ್ಕೆ ಮದ್ದುಗುಂಡೇ ಬೇಡ ಅನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ. ಗಡಿಯಲ್ಲಿ ನಿಂತವನ ಕೈಗೆ ಖಾಲಿ ಕೋವಿ ಕೊಟ್ಟು, ಇಲ್ಲಿ ಕಾಫಿ ಕುಡೀತಾ ಅಹಿಂಸೆ ಮಾತಾಡೋದು ನಾಚಿಕೆಗೇಡು. ಹಾಗಾಗಿ 'ಮಾಡಬಹುದೇ' ಅನ್ನೋದನ್ನು ಬಿಟ್ಟು, ಏನು ಮಾಡ್ತಿದ್ದೀನಿ, ಯಾರಿಗೆ ಅಂತ ಕೇಳೋಣ.

'ಏನು' ಅನ್ನೋದಕ್ಕೆ ಕಲ್ಕತ್ತಾ ಪಕ್ಕದ ಡಂಡಂ ಸಾಕ್ಷಿ. 1890ರ ದಶಕದಲ್ಲಿ ಅಲ್ಲಿಯ ಶಸ್ತ್ರಾಗಾರದಲ್ಲಿ ಮೂತಿಯ ಸೀಸ ಹೊರಗೆ ಕಾಣುವ ಗುಂಡು ತಯಾರಾಯಿತು. ಮೈಯೊಳಗೆ ಹೊಕ್ಕು ಅರಳಿಕೊಳ್ಳುವ ಗುಂಡು. 1899ರಲ್ಲಿ ಹೇಗ್‌ನಲ್ಲಿ ಸೇರಿದ ದೇಶಗಳು ಯುದ್ಧದಲ್ಲಿ ಅಂಥದ್ದು ಬೇಡ ಅಂತ ಘೋಷಿಸಿದವು. ಬ್ರಿಟನ್ ಒಪ್ಪಿದ್ದು 1907ರಲ್ಲಿ. ಕೊಲ್ಲುವ ವಸ್ತುವಿನಲ್ಲೂ ಇದು ಆಯಿತು, ಇದು ಅತಿಯಾಯಿತು ಅಂತ ಮನುಷ್ಯರು ವಿಂಗಡಿಸಿದರು. ಅಂದರೆ ವಿನ್ಯಾಸ ಮಾಡುವ ಟೇಬಲ್ಲಿನ ಮೇಲೇ ಒಂದು ನೈತಿಕ ನಿರ್ಧಾರ ಇರುತ್ತೆ. ಅದೇ ಡಂಡಂನಲ್ಲಿ 1857ರ ಶುರುವಿನಲ್ಲಿ ಸಿಪಾಯಿಗಳು ತೋಟಾಕ್ಕೆ ಏನು ಸವರಿದ್ದೀರಿ ಅಂತ ಕೇಳಿದ್ದರು. ಮಾಡಿದವರನ್ನು ಬಳಸುವವರು ಕೇಳಿದ ಪ್ರಶ್ನೆ ಅದು. ಮಾಡುವವರು ವಾಪಸ್ ಕೇಳಿದ್ದು ಮಾತ್ರ ಅಪರೂಪ.

'ಯಾರಿಗೆ' ಅನ್ನೋದು ಈಗ ಇನ್ನೂ ಗೋಜಲು. 2021ರ ಅಕ್ಟೋಬರ್ 1ರಂದು ಸರ್ಕಾರ ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ಮುಚ್ಚಿ 41 ಕಾರ್ಖಾನೆಗಳನ್ನು 7 ಕಂಪನಿಗಳಾಗಿ ಹಂಚಿತು. ಖಡ್ಕಿ ಈಗ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಸೇರಿದೆ. ದಕ್ಷತೆಗೆ ಇದು ಬೇಕಿತ್ತು ಅನ್ನೋರ ವಾದದಲ್ಲಿ ಹುರುಳಿದೆ. ಆದರೂ ಇಲಾಖೆಗೂ ಕಂಪನಿಗೂ ಒಂದು ವ್ಯತ್ಯಾಸ ಉಂಟು. ಯುದ್ಧ ಇಲ್ಲದ ವರ್ಷ ಇಲಾಖೆಗೆ ಒಳ್ಳೇ ವರ್ಷ. ಕಂಪನಿಗೆ ಆರ್ಡರ್ ಬುಕ್ ಇರುತ್ತೆ, ಅದು ತುಂಬಬೇಕು. 2013-14ರಲ್ಲಿ 686 ಕೋಟಿ ರೂಪಾಯಿ ಇದ್ದ ನಮ್ಮ ರಕ್ಷಣಾ ರಫ್ತು 2023-24ಕ್ಕೆ 21,083 ಕೋಟಿ ಆಯಿತು. ಹೆಮ್ಮೆ ಪಡೋರು ಪಡಲಿ, ನನಗೂ ಒಂಚೂರು ಆಗುತ್ತೆ. ಆದರೆ ಅಪ್ಪ ಹೇಳಿದ 'ದೇಶಕ್ಕೆ' ಅನ್ನೋ ಪದ ಆ ರಫ್ತಿನ ಪೆಟ್ಟಿಗೆ ಹಡಗು ಹತ್ತಿದ ಮೇಲೆ ಯಾವ ದೇಶವನ್ನು ಹೇಳುತ್ತೆ?

ಕೊನೇ ಸುತ್ತಿನ ಇಂಟರ್‌ವ್ಯೂನಲ್ಲಿ ನಾನು ಇದನ್ನೇ ಕೇಳಿದೆ. ಇದನ್ನು ಯಾರು ಕೊಳ್ತಾರೆ, ಗುರಿ ಅಂತ ಯಾರು ತೀರ್ಮಾನಿಸ್ತಾರೆ, ಕೊನೇ ಕ್ಷಣದಲ್ಲಿ ಮನುಷ್ಯ ತಡೆಯೋಕೆ ಆಗುತ್ತಾ? ಮೂರನೇದಕ್ಕೆ ಮ್ಯಾನೇಜರ್ ಚೆನ್ನಾಗೇ ಉತ್ತರ ಕೊಟ್ಟರು, ಬೋರ್ಡ್ ಮೇಲೆ ಚಿತ್ರ ಬರೆದು ತೋರಿಸಿದರು. ಎರಡನೇದು ಗ್ರಾಹಕರಿಗೆ ಬಿಟ್ಟದ್ದು ಅಂದರು. ಮೊದಲನೇದನ್ನು ಸೇರಿದ ಮೇಲೂ ಹೇಳೋಕಾಗಲ್ಲ, ಕರಾರಿನಲ್ಲೇ ಇದೆ ಅಂದರು. ಸುಳ್ಳು ಹೇಳಲಿಲ್ಲ ಅನ್ನೋದು ನನಗೆ ಹಿಡಿಸಿತು.

ಎರಡನೇ ಪ್ರಶ್ನೆಯನ್ನು ಮತ್ತೆ ಮೇಲ್‌ನಲ್ಲಿ ಕಳಿಸಿದ್ದೇನೆ. ಗ್ರಾಹಕ ಗುರಿ ಆರಿಸುವಾಗ ನಮ್ಮ ಕೋಡ್ ಯಾವುದನ್ನು 'ಆಗಲ್ಲ' ಅನ್ನುತ್ತೆ, ಆ ಪಟ್ಟಿಯನ್ನು ಯಾರು ಬರೀತಾರೆ, ನಾನು ಅದನ್ನು ಓದಬಹುದಾ ಅಂತ. ಉತ್ತರ ಕೊಡೋಕೆ ಅವರಿಗೆ ಶುಕ್ರವಾರದವರೆಗೆ ಟೈಮ್ ಇದೆ, ಸಹಿ ಹಾಕೋಕೆ ನನಗೂ ಅಷ್ಟೇ.