ಸಂಕೇತವೂ ಅಮಾನತ್ತೂ

ನಂಬಿಕೆ ಇರುವಲ್ಲಿ ಬರಹವೇಕೆ? ಕಾಗದ ಕೇಳಿದರೆ ಸಂಬಂಧ ಕೆಟ್ಟೀತೆಂಬ ಸಂಕೋಚ ನಮ್ಮಲ್ಲಿ ಇನ್ನೂ ಹೋಗಿಲ್ಲ. ಕೊಲ್ಲಿ ದೇಶಗಳಿಂದ ಊರಿಗೆ ಬರುವ ಹಣದ ವಿಷಯದಲ್ಲಂತೂ ಈ ಪ್ರಶ್ನೆ ಮನೆಮನೆಯದು.

ಬಾಳೆಬರೆ ಘಾಟಿಯ ಮೇಲಿನ ಮಾಸ್ತಿಕಟ್ಟೆಯಲ್ಲಿರುವ ತಾಯಿಗೆ ದುಬೈಯಿಂದ ಮಗ ಹಣ ಕಳಿಸುತ್ತಾನೆ ಎಂದಿಟ್ಟುಕೊಳ್ಳೋಣ. ಬ್ಯಾಂಕಿನ ಮೂಲಕ ಕಳಿಸಲು ಅವನಿಗೆ ಬೇಕಾದದ್ದು 8 ಅಥವಾ 11 ಅಕ್ಷರಗಳ ಸ್ವಿಫ್ಟ್ ಸಂಕೇತ. ಮೊದಲ 4 ಬ್ಯಾಂಕಿನದು, ಮುಂದಿನ 2 ದೇಶದ್ದು, ಆಮೇಲಿನ 2 ಸ್ಥಳದ್ದು. ಕೊನೆಯ 3 ಇದ್ದರೆ ಶಾಖೆಯದು. ಎಲ್ಲ ಶಾಖೆಗಳಿಗೂ ಈ ಸಂಕೇತ ಇರುವುದಿಲ್ಲ. ಹಾಗಿದ್ದಲ್ಲಿ ಹಣ ಬ್ಯಾಂಕಿನ ದೊಡ್ಡ ಶಾಖೆಗೆ ಬಂದು, ಅಲ್ಲಿಂದ ತಾಯಿಯ ಖಾತೆಗೆ ಸೇರುತ್ತದೆ. 1973ರಲ್ಲಿ 15 ದೇಶಗಳ 239 ಬ್ಯಾಂಕುಗಳು ಸೇರಿ ಬೆಲ್ಜಿಯಂನಲ್ಲಿ ಕಟ್ಟಿದ ಸ್ವಿಫ್ಟ್ ಸಂಸ್ಥೆ ಹಣವನ್ನು ಸಾಗಿಸುವುದಿಲ್ಲ, ಸಂದೇಶವನ್ನು ಮಾತ್ರ ಮುಟ್ಟಿಸುತ್ತದೆ. ಇಲ್ಲಿಯೂ ಸಾಗುವುದು ಮಾತೇ. ಆದರೆ ಬರೆದಿಟ್ಟ ಮಾತು.

ಹವಾಲಾ ಕೂಡ ಮಾತೇ. ಸಾಲದ ಹೊಣೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸುವುದಕ್ಕೆ ಫಿಕ್‌ಹ್‌ನಲ್ಲಿ ಆ ಹೆಸರು; ಅಲ್ಲಿ ಅದು ಕಳ್ಳದಾರಿಯ ಹೆಸರಲ್ಲ. ನಮ್ಮಲ್ಲಿ ಆ ಹೆಸರಿನಿಂದ ಅನಧಿಕೃತವಾಗಿ ಹಣ ತರಿಸುವುದು 1999ರ ಫೆಮಾ ಕಾಯಿದೆಯಂತೆ ನಿಷಿದ್ಧ. ಆದರೂ 'ನಮ್ಮವರೇ, ನಂಬಿಕಸ್ಥರು' ಎಂದು ಆ ದಾರಿ ಹಿಡಿಯುವವರಿದ್ದಾರೆ. ನಡುವಿನವನು ಕೈಯೆತ್ತಿದರೆ ದೂರುವುದೆಲ್ಲಿ? ಒಂದು ಚೀಟಿಯೂ ಇಲ್ಲದ ತಾಯಿಯೇ ಕಳೆದುಕೊಳ್ಳುವವಳು.

ಕುರ್‌ಆನಿನ ಅತಿ ದೀರ್ಘ ವಚನ ನಮಾಝಿನ ಕುರಿತಾದದ್ದಲ್ಲ, ಉಪವಾಸದ ಕುರಿತಾದದ್ದೂ ಅಲ್ಲ. ಅಲ್‌ಬಕರ ಅಧ್ಯಾಯದ ಆ 282ನೆಯ ವಚನ ಸಾಲವನ್ನು ಬರೆದಿಡುವ ಕುರಿತಾದದ್ದು. ಮೊತ್ತ ಚಿಕ್ಕದಿರಲಿ, ದೊಡ್ಡದಿರಲಿ, ಬರೆಯಲು ಬೇಸರಿಸಬಾರದೆಂದು ಅದು ಆದೇಶಿಸುತ್ತದೆ. ಹಾಗಾದರೆ ಬರಹವೆಂದರೆ ಅಪನಂಬಿಕೆಯಲ್ಲ. ಮರೆವಿನಿಂದಲೂ ಮೋಸದಿಂದಲೂ ಇಬ್ಬರನ್ನೂ ಕಾಯುವ ಕ್ರಮ.

ಮರುವಚನವನ್ನೂ ಓದಬೇಕು. ನಂಬಿ ಒಪ್ಪಿಸಿದ ಅಮಾನತ್ತನ್ನು ಅಲ್ಲಾಹನಿಗೆ ಅಂಜಿ ಒಪ್ಪಿಸಬೇಕೆಂದು ಅಲ್ಲಿದೆ. ಸಂಕೇತಕ್ಕೆ ಬ್ಯಾಂಕಿನ ಗುರುತು ಗೊತ್ತು, ಮನುಷ್ಯನ ಮನಸ್ಸು ಗೊತ್ತಿಲ್ಲ. ಖಾತೆ ಸಂಖ್ಯೆಯ ಒಂದಂಕಿ ತಪ್ಪಿ ಬೇರೆಯವನ ಕೈಸೇರಿದ ಹಣವನ್ನು 'ಇದು ನನ್ನದಲ್ಲ' ಎಂದು ಅವನಿಂದ ಹೇಳಿಸಲು ಯಾವ ಅಕ್ಷರಕ್ಕೂ ಸಾಧ್ಯವಿಲ್ಲ. ಓದು ಬಾರದ ತಾಯಿಯ ಪಾಸ್‌ಬುಕ್ಕು ಹಿಡಿದು ಬ್ಯಾಂಕಿಗೆ ಹೋಗುವ ಇನ್ನೊಬ್ಬ ಮಗ, ಬಂದದ್ದಕ್ಕಿಂತ ಕಡಿಮೆ ಹೇಳಿದರೆ ಯಾವ ಯಂತ್ರವೂ ತಡೆಯದು.

ಸಾವಿರಾರು ಮೈಲಿ ದಾಟಿ ಬಂದ ಹಣ ಬ್ಯಾಂಕಿನಿಂದ ಮನೆಯ ಹೊಸ್ತಿಲಿನವರೆಗೆ ನಡೆಯಬೇಕಾದ ದಾರಿ ಇನ್ನೂ ಉಳಿದಿರುತ್ತದೆ. ಅಲ್ಲಿಯವರೆಗಿನ ಲೆಕ್ಕವನ್ನು ಬ್ಯಾಂಕು ಇಟ್ಟಿದೆ. ಅಲ್ಲಿಂದ ಮುಂದಿನದಕ್ಕೆ ನಾವೇ ಉತ್ತರ ಕೊಡಬೇಕು.