ಮೂಕ ಸೇವಕರೂ ಅಹಿಂಸಾಣುವ್ರತವೂ

ಕಳೆದ ದಶಲಕ್ಷಣ ಪರ್ವದಲ್ಲಿ ಬಳ್ಳಾರಿಯಲ್ಲಿ ನಡೆದ ಸ್ವಾಧ್ಯಾಯದ ಕೊನೆಗೆ ಕುರುಗೋಡಿನ ತರುಣ ಶ್ರಾವಕನೊಬ್ಬನು ಎದ್ದು ನಿಂತು ಕೇಳಿದನು: “ಗುರುಗಳೇ, ಗಲಭೆಯ ಕಾಲದಲ್ಲಿ ಪೊಲೀಸರ ಕುದುರೆ ಮೈಮೇಲೆ ಬಂದರೆ, ಅವರ ನಾಯಿ ಹಿಡಿಯಲು ಬಂದರೆ, ಅದನ್ನು ಹೊಡೆದವನದು ವಿರೋಧಿ ಹಿಂಸೆಯಲ್ಲವೇ? ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯ ತ್ಯಾಗವನ್ನಷ್ಟೇ ವಿಧಿಸಿದೆಯಲ್ಲವೇ?” ಪ್ರಶ್ನೆ ಸೂಕ್ಷ್ಮವಾದುದು. ಅಂದು ಅರ್ಧ ಉತ್ತರವನ್ನು ಮಾತ್ರ ಕೊಟ್ಟೆನು. ಉಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ರಾಜಶಾಸನವನ್ನು ನೋಡೋಣ. 1860ರ ದಂಡ ಸಂಹಿತೆಯು ಪ್ರಾಣಿವಧೆಯನ್ನು ಬೆಲೆಯಿಂದ ಅಳೆಯುತ್ತಿತ್ತು. ಹತ್ತು ರೂಪಾಯಿ ಬೆಲೆಯ ಪ್ರಾಣಿಯನ್ನು ಕೊಂದರೆ ಅಥವಾ ಅಂಗಹೀನಗೊಳಿಸಿದರೆ ಎರಡು ವರ್ಷಗಳವರೆಗೆ ಸೆರೆ. ಆನೆ, ಕುದುರೆ, ಎತ್ತು ಮೊದಲಾದವಾದರೆ ಅಥವಾ ಐವತ್ತು ರೂಪಾಯಿಗೆ ಕಡಿಮೆಯಿಲ್ಲದ ಬೇರೆ ಪ್ರಾಣಿಯಾದರೆ ಐದು ವರ್ಷಗಳವರೆಗೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮು ಈ ಬೆಲೆಯ ಭೇದವನ್ನು ತೊಡೆದುಹಾಕಿತು. ಈಗ ಯಾವ ಪ್ರಾಣಿಯಾದರೂ ಐದು ವರ್ಷಗಳವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ಪೊಲೀಸ್ ಕುದುರೆಗೂ ನಾಯಿಗೂ ಇದೇ ಕಲಮು ಅನ್ವಯಿಸುತ್ತದೆ. ಆದರೂ ಇದು ಇಂದಿಗೂ ಸ್ವತ್ತಿನ ವಿರುದ್ಧದ ಅಪರಾಧಗಳ ಅಧ್ಯಾಯದಲ್ಲಿಯೇ ಇದೆಯೆಂಬುದನ್ನು ಓದುಗರು ಗಮನಿಸಬೇಕು. ಬೆಲೆ ಹೋಯಿತು, ಒಡೆತನದ ದೃಷ್ಟಿ ಹೋಗಲಿಲ್ಲ.

2016ರ ಮಾರ್ಚ್ 14ರಂದು ಡೆಹ್ರಾಡೂನಿನ ಪ್ರತಿಭಟನೆಯೊಂದರಲ್ಲಿ ಶಕ್ತಿಮಾನ್ ಎಂಬ ಪೊಲೀಸ್ ಕುದುರೆಯ ಹಿಂಗಾಲು ಮುರಿಯಿತು. ಕಾಲನ್ನು ಕತ್ತರಿಸಿ ಕೃತಕ ಕಾಲನ್ನು ಜೋಡಿಸಿದರೂ ಅದು ಏಪ್ರಿಲ್ 20ರಂದು ಪ್ರಾಣಬಿಟ್ಟಿತು. 2021ರಲ್ಲಿ ನ್ಯಾಯಾಲಯವು ಆರೋಪಿಗಳನ್ನು ದೋಷಮುಕ್ತರನ್ನಾಗಿಸಿತು. ಆ ತೀರ್ಪನ್ನು ವಿಮರ್ಶಿಸುವುದು ನಮ್ಮ ಕೆಲಸವಲ್ಲ. ನ್ಯಾಯಾಲಯಕ್ಕೆ ಸಾಕ್ಷಿ ಬೇಕು; ಕರ್ಮಾಸ್ರವಕ್ಕೆ ಸಾಕ್ಷಿ ಬೇಡ. ತನ್ನ ಪರಿಣಾಮವನ್ನು ತಾನೇ ಪರೀಕ್ಷಿಸಿಕೊಳ್ಳುವವನೇ ವ್ರತಿಕನು.

ಇಂಗ್ಲೆಂಡಿನಲ್ಲಿ 2016ರಲ್ಲಿ ಫಿನ್ ಎಂಬ ಪೊಲೀಸ್ ನಾಯಿ ಕರ್ತವ್ಯದಲ್ಲಿದ್ದಾಗ ಇರಿತಕ್ಕೆ ಗುರಿಯಾಯಿತು. ಅಲ್ಲಿಯೂ ಆ ಗಾಯವು ಮೊದಲು ಸ್ವತ್ತಿನ ಹಾನಿಯೆಂದೇ ಎಣಿಕೆಯಾಯಿತು. 2019ರ ಶಾಸನವು ಒಂದು ಹೆಜ್ಜೆ ಮುಂದಿಟ್ಟಿತು. ಅಧಿಕಾರಿಯ ಹಿಡಿತದಲ್ಲಿದ್ದು ಸೂಕ್ತ ರೀತಿಯಲ್ಲಿ ಕರ್ತವ್ಯನಿರತವಾದ ಪ್ರಾಣಿಯನ್ನು ನೋಯಿಸಿದವನು, ನನ್ನ ರಕ್ಷಣೆಗಾಗಿ ನೋಯಿಸಿದೆನೆಂದು ಹೇಳಿ ಕ್ರೌರ್ಯದ ಆರೋಪದಿಂದ ಪಾರಾಗುವಂತಿಲ್ಲ.

ತರುಣನಿಗೆ ನನ್ನ ಉತ್ತರವೂ ಇದಕ್ಕೆ ಸಮೀಪವಾದುದು. ವಿರೋಧಿ ಹಿಂಸೆಯೆನ್ನಲು ವಿರೋಧವಿರಬೇಕು. ಕುದುರೆಗೆ ನಿನ್ನಲ್ಲಿ ವೈರವೆಲ್ಲಿಯದು? ಅದರ ಲಗಾಮು ಮತ್ತೊಬ್ಬನ ಕೈಯಲ್ಲಿದೆ. ಸವಾರನ ಮೇಲಿನ ಕ್ರೋಧವನ್ನು ವಾಹನದ ಮೇಲೆ ಇಳಿಸಿದರೆ ಅದು ರಕ್ಷಣೆಯಲ್ಲ, ಕಷಾಯ. ಬದಿಗೆ ಸರಿದು, ಕೈಯಡ್ಡ ಹಿಡಿದು ಪಾರಾಗುವವನ ಪರಿಣಾಮವೇ ಬೇರೆ, ಕೋಲೆತ್ತಿ ಬಡಿಯುವವನ ಪರಿಣಾಮವೇ ಬೇರೆ.

ಆದರೆ ಹೊಡೆದವನನ್ನು ಮಾತ್ರ ದೂರಿ ನಿಲ್ಲುವಂತಿಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ 11ನೆಯ ಕಲಮನ್ನು ಪಕ್ಕದಲ್ಲಿಟ್ಟು ಓದಿರಿ. ಗಿಡ್ಡ ಹಗ್ಗದಲ್ಲಿ ಬಹುಕಾಲ ಕಟ್ಟುವುದು, ಹೊಡೆಯುವುದು, ಅಂಗಚ್ಛೇದ, ಮಿತಿಮೀರಿದ ಹೊರೆ, ಸಾಕಷ್ಟು ಮೇವು ನೀರು ಕೊಡದಿರುವುದು, ಈ ಐದೂ ಅಲ್ಲಿವೆ. ಇವುಗಳಲ್ಲಿ ಹೆಚ್ಚಿನವು ಶತ್ರುವಿನಿಂದಲ್ಲ, ಒಡೆಯನಿಂದಲೇ ಆಗುವಂಥವು. ಮೊದಲ ಸಲದ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ ಮಾತ್ರ. ಶಾಸನದ ಕೈ ಇಷ್ಟು ಸಡಿಲವಿರುವಲ್ಲಿ ವ್ರತವೇ ಬಿಗಿಯಾಗಬೇಕು.

ಮೈಸೂರು ದಸರೆಯ ಅಂಬಾರಿಯನ್ನು 2012ರಿಂದ 2019ರವರೆಗೆ ಎಂಟು ಸಲ ಹೊತ್ತ ಅರ್ಜುನನನ್ನು ನೆನೆಯಿರಿ. ಅರವತ್ತು ದಾಟಿದ ಆ ಆನೆಯು 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಬಳಿ, ಕಾಡಾನೆಯನ್ನು ಹಿಡಿಯುವ ಕಾರ್ಯದಲ್ಲಿ ಕಾಡಾನೆಯೊಡನೆ ಸೆಣಸಿ ಮಡಿಯಿತು. ಅಲ್ಲಿ ದ್ವೇಷದಿಂದ ಕೊಂದ ಮನುಷ್ಯನಿಲ್ಲ. ಆದರೆ ಅದನ್ನು ಅಲ್ಲಿ ನಿಲ್ಲಿಸಿದವರು ಮನುಷ್ಯರೇ. ನನಗೆ ಅರವತ್ತಕ್ಕೆ ಸೇವೆಯಿಂದ ನಿವೃತ್ತಿ ದೊರೆಯಿತು, ಅದಕ್ಕೆ ದೊರೆಯಲಿಲ್ಲ.

ಈಗ ನನ್ನ ದೋಷವನ್ನು ಹೇಳಬೇಕು. ಬಹಳ ವರ್ಷಗಳ ಹಿಂದೆ ಅನಂತ ಚತುರ್ದಶಿಯಂದು ಉಪವಾಸವಿದ್ದು ಸಿರುಗುಪ್ಪದಿಂದ ಬಂಡಿಯಲ್ಲಿ ಪೂಜೆಗೆ ಹೋಗಿದ್ದೆನು. ಪೂಜೆ ಮುಗಿಯುವಾಗ ಮಧ್ಯಾಹ್ನ ದಾಟಿತ್ತು. ಹೊರಗೆ ಬಂದರೆ ಎತ್ತುಗಳು ನೊಗ ಹೊತ್ತೇ ಬಿಸಿಲಿನಲ್ಲಿ ನಿಂತಿದ್ದವು. ನೀರು ಕುಡಿಸಬೇಕೆಂದು ನನಗೆ ಹೊಳೆದಿರಲೇ ಇಲ್ಲ. ನಾನು ಇಚ್ಛೆಯಿಂದ ಅನ್ನಪಾನಗಳನ್ನು ಬಿಟ್ಟಿದ್ದೆನು; ಅವುಗಳಿಗೆ ಇಚ್ಛೆಯಿಲ್ಲದೆ ಬಿಡಿಸಿದ್ದೆನು. ನನ್ನದು ತಪಸ್ಸು, ಅವುಗಳದು ಶಿಕ್ಷೆ. ಪ್ರಮಾದವೇ ಹಿಂಸೆಯ ಮೂಲವೆಂದು ಮಕ್ಕಳಿಗೆ ಪಾಠ ಹೇಳುತ್ತಿದ್ದವನು ಅಂದು ಅದನ್ನು ಕಲಿತೆನು.

ಉಷ್ಣತೆಯು 37 ಡಿಗ್ರಿ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಎತ್ತುಗಳಿಂದ ಬಂಡಿ ಎಳೆಸಬಾರದು, ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದು 1965ರ ನಿಯಮಗಳಿವೆ. ನಮ್ಮ ಬಳ್ಳಾರಿಯ ಬೇಸಗೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಉಪವಾಸದ ಪ್ರತ್ಯಾಖ್ಯಾನವನ್ನು ಸ್ವೀಕರಿಸುವ ಮುನ್ನ ಶ್ರಾವಕ ಶ್ರಾವಿಕೆಯರು ಒಮ್ಮೆ ಹಟ್ಟಿಗೆ ಹೋಗಿ ಬರಲಿ. ಹಗ್ಗ ಸಡಿಲವಿದೆಯೇ, ನೀರಿದೆಯೇ, ನೆರಳಿದೆಯೇ ಎಂದು ನೋಡಲಿ. ಅನಂತರ ಕೈಜೋಡಿಸಿ ನಿಯಮ ತೆಗೆದುಕೊಳ್ಳಲಿ.