ಮಗು ನಮ್ಮ ಜೊತೆಯಲ್ಲೇ ಇದೆಯೇ?



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಗದಗ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತು ನೋಡಿ. ಮುಂಡರಗಿ ಬಸ್ಸು ಬಂತೆಂದು ಓಡುವವರು, ಲಕ್ಷ್ಮೇಶ್ವರದ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವರು, ಶಿರಹಟ್ಟಿಯ ಸಂತೆಗೆ ಹೊರಟವರು. ಇವರೆಲ್ಲರ ನಡುವೆ ಒಂದೇ ಪ್ರಶ್ನೆ ಓಡಾಡುತ್ತಿರುತ್ತದೆ: "ನಿಮ್ಮ ಹುಡುಗಗ ಎಷ್ಟು ಬಿದ್ದಾವ್ರೀ?" ಏನು ಬಿದ್ದಾವೆ ಎಂದು ಯಾರೂ ತಿರುಗಿ ಕೇಳುವುದಿಲ್ಲ. ಎಲ್ಲರಿಗೂ ಗೊತ್ತು. ಎಂಬತ್ತೆಂಟು ಪರ್ಸೆಂಟ್ ಎಂದು ಹೇಳುವ ತಾಯಿಯ ಮುಖ ಅರಳುತ್ತದೆ. ಇನ್ನೊಬ್ಬ ತಾಯಿ ಸೆರಗು ಸರಿಪಡಿಸಿಕೊಂಡು ಬಸ್ಸು ಬರುವ ದಾರಿ ನೋಡುತ್ತಾಳೆ. ಅವಳ ಪಕ್ಕದಲ್ಲಿ ನಿಂತ ಹುಡುಗ ನೆಲ ನೋಡುತ್ತಾನೆ. ಎಲ್ಲರೂ ಅವನ ಬಗ್ಗೆ ಮಾತನಾಡಿದ್ದಾರೆ. ಅವನೊಡನೆ ಮಾತ್ರ ಯಾರೂ ಮಾತನಾಡಿಲ್ಲ.

ಶಿಕ್ಷಣದ ಬಗ್ಗೆ ನಮ್ಮ ಮಾತು ಹೆಚ್ಚುಕಡಿಮೆ ಎಲ್ಲ ಕಡೆಯೂ ಹೀಗೇ ಇದೆಯಲ್ಲವೇ? ಇಂದು ನಾವು ಧ್ಯಾನಿಸಬೇಕಾದುದು ಈ ಮಾತನ್ನೇ.

ಮೊದಲು ಮನೆಯ ಮಾತು ಕೇಳೋಣ. ಬೆಟಗೇರಿಯ ಓಣಿಯಲ್ಲಿ ಮಗ್ಗದ ಮುಂದೆ ಕುಳಿತ ತಂದೆ ಮಗನಿಗೆ ಹೇಳುತ್ತಾನೆ: "ನನ್ನಂಗ ಆಗಬ್ಯಾಡ, ಚೆಂದಾಗಿ ಓದು." ಪ್ರೀತಿಯಿಂದಲೇ ಹೇಳುತ್ತಾನೆ. ತಾನು ಪಟ್ಟ ಕಷ್ಟ ಮಗ ಪಡಬಾರದು ಎಂಬುದು ಅವನ ಆಸೆ. ಆದರೆ ದಿನಾ ಅದನ್ನೇ ಕೇಳಿದ ಮಗ ಇನ್ನೊಂದು ಪಾಠವನ್ನೂ ಕಲಿಯುತ್ತಾನೆ: ನನ್ನ ಅಪ್ಪನ ದುಡಿಮೆ ನಾಚಿಕೆಯದು, ಅಪ್ಪನಂತೆ ಆಗುವುದೇ ಸೋಲು. ಅಂಕ ಕಡಿಮೆ ಬಂದ ದಿನ ಕೇಳುವ ಮಾತು ಇನ್ನೂ ಹರಿತ: "ಹೋಗು, ದನಾ ಕಾಯಾಕ ಹೋಗು." ದನ ಕುರಿ ಕಾಯುವುದನ್ನು ನಾವು ಬೈಗುಳ ಮಾಡಿಕೊಂಡಿದ್ದೇವೆ. ಕ್ರಿಸ್ತಜಯಂತಿಯ ರಾತ್ರಿ ದೇವದೂತರ ಸುದ್ದಿಯನ್ನು ಮೊದಲು ಕೇಳಿದವರು ಯಾರು ಎಂಬುದನ್ನು ಮರೆತಿದ್ದೇವೆ. ಇನ್ನು ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ, "ಎಷ್ಟ್ ಕಲಿಸಿದ್ರೂ ಕೊಟ್ಟ ಮನಿಗೇ ಹೋಗಾಕಿ" ಎಂಬ ಮಾತು ಹೊಲದ ಬದುವಿನಿಂದ ಅಡುಗೆಮನೆಯವರೆಗೆ ಇಂದಿಗೂ ಕೇಳಿಸುತ್ತದೆ. 2011ರ ಜನಗಣತಿಯಂತೆ ಗದಗ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 75 ಮಂದಿ ಓದುಬರಹ ಬಲ್ಲವರು. ಗಂಡಸರಲ್ಲಿ ಈ ಸಂಖ್ಯೆ ಸುಮಾರು 85, ಹೆಂಗಸರಲ್ಲಿ ಸುಮಾರು 65. ನಡುವಿನ ಆ ಇಪ್ಪತ್ತರ ಹಿಂದೆ ಇಂಥ ಮಾತುಗಳ ಪಾಲೂ ಇಲ್ಲವೇ?

ಈಗ ಚಹಾದಂಗಡಿಗೆ ಹೋಗೋಣ. ಅಲ್ಲಿ ಶಿಕ್ಷಣವೆಂದರೆ ರಾಜಕೀಯ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂತು. ಹಿಂದಿನ ವರ್ಷ 83.89ರಷ್ಟಿದ್ದ ರಾಜ್ಯದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ 73.40ಕ್ಕೆ ಇಳಿಯಿತು. ನಮ್ಮ ಜಿಲ್ಲೆ ಎಷ್ಟನೆಯ ಸ್ಥಾನಕ್ಕೆ ಹೋಯಿತು, ತಪ್ಪು ಈ ಸರಕಾರದ್ದೋ ಹಿಂದಿನದ್ದೋ ಎಂದು ವಾದಗಳು ನಡೆದವು. ಭಾಷೆಯ ವಾದವಂತೂ ಹಳೆಯದು. 1982ರ ಗೋಕಾಕ ಚಳವಳಿಯಲ್ಲಿ ಬೀದಿಗಿಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆಯಲ್ಲೇ ಕಲಿಸಬೇಕೆಂಬ 1994ರ ಸರಕಾರಿ ಆದೇಶ ನ್ಯಾಯಾಲಯದ ಮೆಟ್ಟಿಲೇರಿ, 2014ರಲ್ಲಿ ಸುಪ್ರೀಂ ಕೋರ್ಟು ಅದನ್ನು ಹೇರುವಂತಿಲ್ಲವೆಂದು ತೀರ್ಪಿತ್ತಿತು. 2019ರಲ್ಲಿ ಸರಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಲು ಮುಂದಾಯಿತು. 2022ರಲ್ಲಿ ಸಮವಸ್ತ್ರದ ಜಗಳ, ಅದೇ ವರ್ಷ ಪಠ್ಯಪುಸ್ತಕದ ಜಗಳ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬೇಕು ಎನ್ನುವವರು ಒಂದು ಕಡೆ, ರಾಜ್ಯಕ್ಕೆ ತನ್ನದೇ ನೀತಿ ಬೇಕು ಎನ್ನುವವರು ಇನ್ನೊಂದು ಕಡೆ.

ಇವು ಕೆಲಸಕ್ಕೆ ಬಾರದ ಮಾತುಗಳೆಂದು ಯಾರೂ ತಿಳಿಯಬಾರದು. ಮಗು ಯಾವ ಭಾಷೆಯಲ್ಲಿ ಕಲಿಯಬೇಕು, ಪುಸ್ತಕದಲ್ಲಿ ಏನಿರಬೇಕು ಎಂಬುದು ದೊಡ್ಡ ವಿಷಯವೇ. 1997ರಲ್ಲಿ ಗದಗ ಜಿಲ್ಲೆಯಾದ ಮೇಲೆ ಇಲ್ಲಿಗೆ ವೈದ್ಯಕೀಯ ಕಾಲೇಜು ಬಂದಿದೆ, ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಬಂದಿದೆ. ಮಾತನಾಡಿದ್ದರಿಂದಲೇ ಇವೆಲ್ಲ ಬಂದವು. ಆದರೆ ಇಷ್ಟೆಲ್ಲ ಮಾತಿನ ಗದ್ದಲದಲ್ಲಿ ಮಗು ಎಲ್ಲಿದೆ? ಅದು ನಮ್ಮ ಜೊತೆಯಲ್ಲೇ ಇದೆಯೇ?

ಈ ಪ್ರಶ್ನೆಯನ್ನು ನಮಗಿಂತ ಮೊದಲು ಕೇಳಿಕೊಂಡ ತಂದೆತಾಯಿ ಇದ್ದಾರೆ. ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ತೆರೆಯಿರಿ. ಯೇಸುಸ್ವಾಮಿಗೆ ಆಗ ಹನ್ನೆರಡು ವರ್ಷ. ನಮ್ಮ ಲೆಕ್ಕದಲ್ಲಿ ಏಳನೆಯ ತರಗತಿಯ ಹುಡುಗ. ಪಾಸ್ಕ ಹಬ್ಬ ಮುಗಿಸಿ ಊರಿನವರೆಲ್ಲ ಗುಂಪಾಗಿ ಜೆರುಸಲೇಮಿನಿಂದ ಹಿಂದಿರುಗುತ್ತಿದ್ದರು. ಮಗು ಗುಂಪಿನಲ್ಲೇ ಎಲ್ಲೋ ಇರಬೇಕೆಂದು ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ನಂಬಿದರು. ಹಾಗೆ ನಂಬಿಕೊಂಡೇ ಒಂದು ಇಡೀ ದಿನದ ದಾರಿ ನಡೆದುಬಿಟ್ಟರು. ಸಂಜೆ ನೆಂಟರಿಷ್ಟರ ನಡುವೆ ಹುಡುಕಿದಾಗಲೇ ಗೊತ್ತಾಯಿತು, ಮಗು ಇಲ್ಲ!

ಪ್ರಿಯ ತಂದೆತಾಯಿಗಳೇ, ಅವರು ನಿರ್ಲಕ್ಷ್ಯದ ಹೆತ್ತವರಾಗಿರಲಿಲ್ಲ. ಪವಿತ್ರ ಕುಟುಂಬವೇ ಅದು. ಅವರಿಗೇ ಹೀಗಾಗಿದ್ದರೆ ನಮಗಾಗದೇ ಇರುತ್ತದೆಯೇ? ಫೀ ಕಟ್ಟಿದ್ದೇವೆ, ಸಮವಸ್ತ್ರ ಹೊಲಿಸಿದ್ದೇವೆ, ಬಸ್ಸು ಹತ್ತಿಸಿದ್ದೇವೆ, ಟ್ಯೂಷನ್ನಿಗೆ ಹಚ್ಚಿದ್ದೇವೆ. ಮಗು ಎಲ್ಲರ ಜೊತೆ ಮುಂದಕ್ಕೆ ಹೋಗುತ್ತಿದೆ ಎಂದು ನಂಬಿದ್ದೇವೆ. ಒಂದು ದಿನದ ದಾರಿ ಅಲ್ಲ, ಕೆಲವು ಮನೆಗಳಲ್ಲಿ ಹತ್ತು ವರ್ಷದ ದಾರಿ ಹೀಗೇ ಸಾಗುತ್ತದೆ. ಫಲಿತಾಂಶದ ಸಂಜೆ ತಿರುಗಿ ನೋಡಿದರೆ ಮಗು ಜೊತೆಯಲ್ಲಿಲ್ಲ. ಅದು ಯಾವಾಗಲೋ ಗಣಿತದಲ್ಲಿ ಹಿಂದೆ ಬಿದ್ದಿತ್ತು, ಯಾವಾಗಲೋ ಹೆದರಿತ್ತು, ಯಾವಾಗಲೋ ಮಾತು ನಿಲ್ಲಿಸಿತ್ತು.

ಮರಿಯಮ್ಮ ಮತ್ತು ಜೋಸೆಫರು ಏನು ಮಾಡಿದರು? ನಡೆದ ದಾರಿಯನ್ನೇ ಹಿಂದಕ್ಕೆ ನಡೆದರು. ಮೂರು ದಿನಗಳಾದ ಮೇಲೆ ದೇವಾಲಯದಲ್ಲಿ ಮಗನನ್ನು ಕಂಡಾಗ ಅವನು ಬೋಧಕರ ನಡುವೆ ಕುಳಿತು ಕೇಳಿಸಿಕೊಳ್ಳುತ್ತಿದ್ದ, ಪ್ರಶ್ನೆಗಳನ್ನೂ ಕೇಳುತ್ತಿದ್ದ. ಇಲ್ಲಿ ಎರಡು ವಿಷಯ ಗಮನಿಸಿ. ಆ ಬೋಧಕರು ಹನ್ನೆರಡು ವರ್ಷದ ಹಳ್ಳಿಯ ಹುಡುಗನನ್ನು ತಮ್ಮ ನಡುವೆ ಕೂರಿಸಿಕೊಂಡು ಅವನ ಪ್ರಶ್ನೆಗೆ ಕಿವಿಗೊಟ್ಟರು. ಹಾಗೆಯೇ ಮರಿಯಮ್ಮ, ಎದೆಯಲ್ಲಿ ಅಷ್ಟು ಸಂಕಟವಿದ್ದರೂ, ಮಗನನ್ನು ಮೊದಲು ಕೇಳಿದ್ದು ಯಾಕೆ ಹೀಗೆ ಮಾಡಿದೆ ಎಂದು. ಅವನು ಕೊಟ್ಟ ಉತ್ತರ ಆಕೆಗೆ ಪೂರ್ತಿ ತಿಳಿಯಲಿಲ್ಲ. ತಿಳಿಯದ ಉತ್ತರವನ್ನು ಆಕೆ ತಳ್ಳಿಹಾಕಲಿಲ್ಲ, ಮನಸ್ಸಿನಲ್ಲಿಟ್ಟು ಧ್ಯಾನಿಸಿದರು. ಆಮೇಲೆ ಯೇಸು ನಜರೇತಿಗೆ ಹೋಗಿ, ಬಡಗಿಯ ಮನೆಯಲ್ಲಿ ವಿಧೇಯನಾಗಿದ್ದು, ಜ್ಞಾನದಲ್ಲೂ ಎತ್ತರದಲ್ಲೂ ಬೆಳೆದ ಎಂದು ಸಂತ ಲೂಕರು ತಿಳಿಸುತ್ತಾರೆ. ದೇವಾಲಯದ ಬೋಧಕರೂ ಗುರುಗಳು, ಬಾಚಿ ಹಿಡಿದ ಜೋಸೆಫರೂ ಗುರುಗಳು. ಒಂದು ವಿದ್ಯೆಯನ್ನು ಹೊಗಳಲು ಇನ್ನೊಂದನ್ನು ಬೈಯುವ ಅಗತ್ಯ ಆ ಮನೆಯಲ್ಲಿ ಇರಲಿಲ್ಲ.

ನಮ್ಮ ಗುಂಪಿನಲ್ಲಿ ಕಾಣೆಯಾದ ಮಕ್ಕಳನ್ನು ಹುಡುಕಬೇಕಾದರೆ ನಾವೂ ಹಿಂದಕ್ಕೆ ನಡೆಯಬೇಕು. ಮುಂಡರಗಿ, ಶಿರಹಟ್ಟಿ ಕಡೆಯ ತಾಂಡಾಗಳಿಗೆ ಸುಗ್ಗಿ ಮುಗಿದ ಮೇಲೆ ಹೋಗಿ. ಬೀಗ ಹಾಕಿದ ಮನೆಗಳು, ಕಟ್ಟೆಯ ಮೇಲೆ ಒಬ್ಬಿಬ್ಬರು ಮುದುಕರು. ಮಳೆ ಕೈಕೊಟ್ಟ ವರ್ಷ ಗೋವೆಗೆ, ಮಂಗಳೂರಿಗೆ, ಕಬ್ಬು ಕಡಿಯುವ ಸೀಮೆಗೆ ಗುಳೆ ಹೋಗುವುದು ಈ ಭಾಗದ ಹಳೆಯ ಸಂಕಟ. ಅಪ್ಪ ಅವ್ವನ ಜೊತೆ ಮಕ್ಕಳೂ ಹೋಗುತ್ತಾರೆ. ಆ ಹುಡುಗಿ ಅಲ್ಲಿ ತಮ್ಮನನ್ನು ಎತ್ತಿಕೊಂಡು ಮರಳಿನ ರಾಶಿಯ ಬಳಿ ಕೂರುತ್ತಾಳೆ. ಇಲ್ಲಿ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಬೀಳುತ್ತದೆ. ಜಿಲ್ಲೆಯ ಸ್ಥಾನ ಎಷ್ಟೆಂದು ವಾದಿಸುವವರ ಬಾಯಲ್ಲಿ ಅವಳ ಮಾತು ಬರುವುದಿಲ್ಲ, ಏಕೆಂದರೆ ಅವಳು ಪರೀಕ್ಷೆಯ ಬಾಗಿಲಿಗೇ ಬರಲಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಗುವಿಗೆ ಟಿ.ಸಿ. ತಡವಾಯಿತೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ ಸರಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಹಿಂದೆ ಉಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಈ ಮಾತನ್ನು ಗುಳೆ ಹೋಗುವ ತಾಯಿಗೆ ಹೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಕಾಣದ ಮಗುವನ್ನು ಹುಡುಕಿ ಕಲಿಸಿದವರು ಈ ನೆಲದಲ್ಲೇ ಇದ್ದಾರೆ. ಹಾನಗಲ್ಲ ಸೀಮೆಯಲ್ಲಿ ಹುಟ್ಟು ಕುರುಡನಾಗಿದ್ದ ಒಬ್ಬ ಬಾಲಕನ ಕಂಠವನ್ನು ಹಾನಗಲ್ಲ ಕುಮಾರಸ್ವಾಮಿಗಳು ಗುರುತಿಸಿ ಸಂಗೀತ ಕಲಿಸಿದರು. ಅವರೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರೂ, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ, ಬಡಮಕ್ಕಳಿಗೆ ಜಾತಿ ಕೇಳದೆ ಅನ್ನ ಹಾಕಿ ಸಂಗೀತ ಕಲಿಸಿದರು. 2010ರಲ್ಲಿ ಪುಟ್ಟರಾಜರು ತೀರಿಕೊಂಡಾಗ ಗದುಗಿಗೆ ಹರಿದುಬಂದ ಜನಸಾಗರವನ್ನು ನೋಡಿದವರು ಮರೆಯಲಾರರು. ಬೇರೆಯವರು ಈ ಮಗುವಿಗೆ ಏನಾಗುವುದಿಲ್ಲ ಎಂದು ಎಣಿಸುತ್ತಿದ್ದಾಗ, ಆ ಗುರುಗಳು ಏನಾಗುತ್ತದೆ ಎಂದು ಹುಡುಕಿದರು. ಬೆಟಗೇರಿಗೆ 1840ರ ದಶಕದಲ್ಲಿ ಬಂದ ಬಾಸೆಲ್ ಮಿಷನ್ನಿನ ನಮ್ಮ ಪ್ರೊಟೆಸ್ಟೆಂಟ್ ಸಹೋದರರೂ ಶಾಲೆಯ ಕದವನ್ನು ಎಲ್ಲ ಜಾತಿಯ ಮಕ್ಕಳಿಗೆ ತೆರೆದವರು. ನಮ್ಮ ಧರ್ಮಸಭೆಯಲ್ಲಿ ಸಂತ ಜೋಸೆಫ್ ಕಲಾಸಾಂಜರು 1597ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ, ಫೀ ಕೊಡಲಾಗದ ಮಕ್ಕಳಿಗಾಗಿ ಉಚಿತ ಶಾಲೆ ತೆರೆದರು.

ಹಾಗಾದರೆ ನಾವು? ಒಂದು ಶಬ್ದವನ್ನು ನೆನಪಿಸುತ್ತೇನೆ: ಕಾನ್ವೆಂಟ್. ಅದು ನಮ್ಮ ಧರ್ಮಭಗಿನಿಯರು ಪ್ರಾರ್ಥಿಸುತ್ತ ವಾಸಿಸುವ ಮನೆಯ ಹೆಸರು. ಇಂದು ಲಕ್ಷ್ಮೇಶ್ವರದಲ್ಲಾಗಲಿ ಗದಗಿನಲ್ಲಾಗಲಿ ತಗಡಿನ ಶೆಡ್ಡಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಯಾವುದೇ ಶಾಲೆಯನ್ನು ಜನ ಕಾನ್ವೆಂಟ್ ಎನ್ನುತ್ತಾರೆ. "ನಮ್ಮ ಹುಡುಗನ್ನ ಕಾನ್ವೆಂಟಿಗೆ ಹಾಕೀವಿ" ಎಂದರೆ, ನಾವು ಕನ್ನಡ ಸಾಲಿಯವರಿಗಿಂತ ಒಂದು ಮೆಟ್ಟಿಲು ಮೇಲೆ ಎಂದರ್ಥ. ಬಡತನದ ವ್ರತ ತೊಟ್ಟವರ ಮನೆಯ ಹೆಸರು ಅಂತಸ್ತಿನ ಹೆಸರಾಗಿದೆ. ಈ ಬದಲಾವಣೆಯಲ್ಲಿ ನಮ್ಮ ಪಾಲೂ ಇದೆಯೇ ಎಂದು ನಾವು ಆತ್ಮಶೋಧನೆ ಮಾಡಿಕೊಳ್ಳಬೇಕು. ಪೂಜೆ ಮುಗಿದ ಮೇಲೆ ಗುಡಿಯ ಅಂಗಳದಲ್ಲಿ ನಾವು ಗುರುಗಳ ಹತ್ತಿರ ಕೇಳುವುದು ನಮ್ಮ ಮಗುವಿನ ಸೀಟನ್ನು ಮಾತ್ರವೋ? ಮನೆಗೆಲಸಕ್ಕೆ ಬರುವ ಹೆಂಗಸಿನ ಮಗಳು ಯಾವ ಶಾಲೆಗೆ ಹೋಗುತ್ತಾಳೆಂದು ಎಂದಾದರೂ ಕೇಳಿದ್ದೇವೆಯೇ?

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ, ಮಕ್ಕಳಿಗೆ ಮೊದಲ ಮತ್ತು ಮುಖ್ಯ ಗುರುಗಳು ತಂದೆತಾಯಿಗಳೇ ಎಂದು ಬೋಧಿಸಿದೆ. ಎರಡನೆಯ ತರಗತಿಯ ಮೇಲೆ ಓದದ ತಾಯಿಯೂ ಈ ಪದವಿಗೆ ಅರ್ಹಳು. ಮಗುವಿನ ಮಾತು ಕೇಳಲು ಇಂಗ್ಲಿಷ್ ಬೇಕಾಗಿಲ್ಲ.

ಆದ್ದರಿಂದ ಈ ವಾರ ಮೂರು ಕೆಲಸ ಮಾಡೋಣ. ಮೊದಲನೆಯದು, ಸಂಜೆ ಜಪಸರಕ್ಕೆ ಕೂರುವ ಮುನ್ನ ಪ್ರತಿ ಮಗುವನ್ನೂ ಕೇಳೋಣ: ಇವತ್ತು ಏನು ಕಲಿತೆ? ಏನು ತಿಳಿಯಲಿಲ್ಲ? ಯಾರಾದರೂ ನಿನ್ನನ್ನು ನೋಯಿಸಿದರೇ? ಕೇಳಿ ಸುಮ್ಮನಿರೋಣ, ಮಗು ಮಾತನಾಡಲಿ. ಎರಡನೆಯದು, ನಪಾಸಾದ ಮಗುವಿರುವ ಮನೆಗೆ ಹೋಗೋಣ. 2024ರಲ್ಲಿ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂತು. ಸರಕಾರವೇ ಮತ್ತೆ ಮತ್ತೆ ಬಾಗಿಲು ತೆರೆದರೆ ನಾವು ಒಂದೇ ಮಾತಿನಲ್ಲಿ ಮುಚ್ಚಬಾರದು. ಮೂರನೆಯದು, ಊರಿನ ಸರಕಾರಿ ಶಾಲೆಯ ಎಸ್‌ಡಿಎಂಸಿ ಸಭೆಗೆ, ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೆ ಹೋಗೋಣ. ಅಲ್ಲಿ ಮಕ್ಕಳೇ ಎದ್ದು ನಿಂತು ತಮ್ಮ ಶಾಲೆಯ ಕುಂದುಕೊರತೆ ಹೇಳಬಹುದು, ಪಂಚಾಯಿತಿಯವರು ಉತ್ತರ ಕೊಡಬೇಕು. ದೇವಾಲಯದಲ್ಲಿ ಬೋಧಕರು ಬಾಲ ಯೇಸುವಿಗೆ ಕೊಟ್ಟ ಜಾಗ ಅದು. ಮತ ಕೇಳಲು ಮನೆಗೆ ಬಂದವರನ್ನೂ ಒಂದು ಮಾತು ಕೇಳೋಣ: ಸ್ವಾಮಿ, ಗುಳೆ ಹೋದ ಮಕ್ಕಳು ಎಷ್ಟು? ಅವರಿಗೆ ಏನು ಮಾಡಿದ್ದೀರಿ?

ಬಸ್ ನಿಲ್ದಾಣದಲ್ಲಿ ನೆಲ ನೋಡುತ್ತ ನಿಂತ ಹುಡುಗ ಇನ್ನೂ ಅಲ್ಲೇ ಇದ್ದಾನೆ. ಅವನ ತಾಯಿ ಮನೆಗೆ ಹೋಗುವ ದಾರಿಯಲ್ಲಿ ಏನು ಹೇಳುತ್ತಾಳೋ ಅದರ ಮೇಲೆ ಬಹಳಷ್ಟು ನಿಂತಿದೆ. "ಬಾ ಮಗನ, ಮೊದಲ ಊಟ ಮಾಡು, ಆಮೇಲೆ ಕೂತು ಮಾತಾಡೂಣು" ಎಂದರೆ ಸಾಕು. ಕಳೆದುಹೋದ ಮಗು ಅಲ್ಲಿಂದಲೇ ಮನೆಗೆ ಹಿಂದಿರುಗಲು ಶುರುಮಾಡುತ್ತದೆ.

ಪ್ರಾರ್ಥಿಸೋಣ: ಮೂರು ದಿನ ಮಗನನ್ನು ಹುಡುಕಿದ ಮಾತೆ ಮರಿಯಮ್ಮನವರೇ, ಸಂತ ಜೋಸೆಫರೇ, ನಮ್ಮ ಗದ್ದಲದಲ್ಲಿ ದಾರಿ ತಪ್ಪಿದ ಮಕ್ಕಳನ್ನು ಹುಡುಕಲು ನಮ್ಮೊಡನೆ ಬನ್ನಿರಿ. ಬೈಯುವ ಮೊದಲು ಕೇಳುವ ನಾಲಗೆಯನ್ನೂ, ತಿಳಿಯದಿದ್ದರೂ ಆಲಿಸುವ ಹೃದಯವನ್ನೂ ಪ್ರಭುವಿನಿಂದ ನಮಗೆ ಬೇಡಿ ಕೊಡಿರಿ. ಆಮೆನ್.